ಮೊದಲ ತುತ್ತು ಅತ್ತೆಯದು

ನಾದಿನಿ ಪಾತ್ರೆಯ ಮುಚ್ಚಳ ತೆಗೆದು ಮೂಸುತ್ತಿದ್ದಾಗ ಸೊಸೆ ಅಡುಗೆಮನೆಗೆ ಬಂದಳು.

“ಇದೇನಾ ಅತ್ತಿಗೆ, ಅಮ್ಮ ಕೊನೇಲಿ ತಿಂದಿದ್ದು?”

“ಹೌದು. ಡೇಲಿಯಾ ಹೂವಿನ ಗೆಡ್ಡೆ. ಬೇಯಿಸಿ ಹುರಿದಿದ್ದೆ.”

“ನೀವು ತಿಂದ್ರಾ?”

“ಇಲ್ಲ.”

“ಅಣ್ಣ?”

“ಇಲ್ಲ. ಇನ್ನೂ ಒಂದು ಗಂಟೆ ಆಗಿರಲಿಲ್ಲ.”

ನಾದಿನಿ ಮುಚ್ಚಳ ಮುಚ್ಚಿದಳು. ಮುಂದೆ ಏನೂ ಕೇಳಲಿಲ್ಲ, ಕೇಳಿದ್ದರೇ ವಾಸಿಯಿತ್ತು. ಪಕ್ಕದ ಕೋಣೆಯಲ್ಲಿ ಎಪ್ಪತ್ತೆಂಟರ ಅತ್ತೆ ಶವಪೆಟ್ಟಿಗೆಯೊಳಗೆ ಮಲಗಿದ್ದಳು. ಮೊನ್ನೆ ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದಳು. ಡಾಕ್ಟರು ಬಂದು, ನಾಡಿ ನೋಡಿ, ವಯಸ್ಸು ಕೇಳಿ, ಹೃದಯಾಘಾತ ಎಂದು ಬರೆದುಕೊಟ್ಟಿದ್ದರು. ಆ ಪಾತ್ರೆಯನ್ನು ಸೊಸೆ ಇನ್ನೂ ಖಾಲಿ ಮಾಡಿರಲಿಲ್ಲ. ಚೆಲ್ಲಿದರೆ ತಪ್ಪು ಮುಚ್ಚಿಟ್ಟಂತೆ, ಇಟ್ಟುಕೊಂಡರೆ ಎದೆಯ ಮೇಲೆ ಕಲ್ಲು. ಆ ಚಳಿಗೆ ಅದು ಕೆಟ್ಟಿರಲೂ ಇಲ್ಲ.

ಪೆಟ್ಟಿಗೆಯ ಸುತ್ತ ಕೂತ ಹೆಂಗಸರ ಪಿಸುಮಾತು ಅಡುಗೆಮನೆಗೂ ಕೇಳುತ್ತಿತ್ತು.

“ಹೂ ಕೊಟ್ರೆ ಮೂಸ್ತಿರಲಿಲ್ಲ ಮಹಾತಾಯಿ, ಉಪ್ಪೆಲ್ಲಿ ಅಂತಿದ್ಲು.”

“ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕ್ಕೊಂಡ್ರೆ ಇನ್ನೇನಾಗತ್ತೆ?”

“ಈ ಸಲ ಅಗೆದಿದ್ದು ಸೊಸೆ ಅಂತೆ.”

ಮಡಕೆಯ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾದೀತೆ? ಸೊಸೆ ಕೋಟು ಹಾಕಿಕೊಂಡಳು. ಹೊರಗೆ ಪೆಟ್ಟಿಗೆ ಒಯ್ಯುವ ವ್ಯಾನು ಬಂದಿತ್ತು.

*

ಅತ್ತೆ ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿದವಳು. ಗಂಡ ಬೇಗ ಹೋಗಿದ್ದ, ಮಕ್ಕಳು ಇಬ್ಬರು, ಸಂಬಳ ಅಷ್ಟಕ್ಕಷ್ಟೆ. ನೌಕರರ ಮನೆಗಳ ಮುಂದೆ ಯಾರೂ ತರಕಾರಿ ಬೆಳೆಯಕೂಡದು, ಹೂವು ಮಾತ್ರ ಎಂದು ಮೇಲಿನವರ ಅಪ್ಪಣೆ, ನೋಡಲು ಅಂದವಾಗಿರಬೇಕಂತೆ. ಸರಿ, ಅವಳು ಹೂವನ್ನೇ ಬೆಳೆದಳು. ಆದರೆ ಗೆಡ್ಡೆ ಬೇಯಿಸಬಹುದಾದ ಹೂವು, ಎಳೆ ಚಿಗುರು ಹುರಿಯಬಹುದಾದ ಹೂವು, ಎಲೆಯಲ್ಲಿ ಖಾರವಿರುವ ಹೂವು. “ಅವರ ಕಣ್ಣಿಗೆ ಚೆಂದ, ನಮ್ಮ ಹೊಟ್ಟೆಗೆ ಊಟ” ಎಂದು ನಗುತ್ತಿದ್ದಳು.

ಪ್ರತಿ ವರ್ಷ ಹೊಸದಾಗಿ ಅಗೆದದ್ದರ ಮೊದಲ ತುತ್ತು ಅವಳದೇ. ತಿಂದು, ಗಡಿಯಾರ ನೋಡಿ, ಒಂದು ಗಂಟೆ ಕಳೆದ ಮೇಲೆಯೇ ಉಳಿದವರಿಗೆ ಬಡಿಸುತ್ತಿದ್ದಳು. ಮಕ್ಕಳು ಹಸಿದು ಅತ್ತಾಗಲೂ ಈ ನಿಯಮ ಮುರಿದವಳಲ್ಲ.

ಆ ಪಾತಿಯಲ್ಲಿ ತಿನ್ನಲಾಗದ್ದು ಒಂದೇ ಒಂದಿತ್ತು, ನೀಲಿ ಹೂವಿನ ವಿಷದ ಗಿಡ, ಅದರ ಬೇರೂ ಗೆಡ್ಡೆಯೇ. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಸೊಸೆ ಒಮ್ಮೆ ಕೇಳಿದ್ದಳು.

“ಎಲ್ಲಾನೂ ಹೊಟ್ಟೆಗೇ ಅಂತ ಎಷ್ಟು ದಿನ ನೆಡೋದು? ಇದೊಂದು ಸುಮ್ನೆ ನೋಡೋಕೆ ಕಣೇ.”

ಈ ವರ್ಷ ಅವಳಿಗೆ ಮಂಡಿ ಬಗ್ಗುತ್ತಿರಲಿಲ್ಲ, ಕಣ್ಣಿಗೆ ಪೊರೆ ಬೇರೆ. ಕಿಟಕಿಯ ಹಿಂದೆ ಕೂತು ಬೆರಳು ತೋರಿಸಿದಳು. ಮೊದಲ ಹಿಮಕ್ಕೆ ಗಿಡಗಳೆಲ್ಲ ಕಪ್ಪಾಗಿ ಒಂದರ ಮೇಲೊಂದು ಬಿದ್ದಿದ್ದವು. ಗಾಜಿನ ತುಂಬ ಉಸಿರಿನ ಮಂಜು.

“ಇದಾ ಅತ್ತೆ?”

ಬೆರಳು ಅಲ್ಲಾಡಿತು. ಸೊಸೆ ಅಗೆದಳು.

ತಿಂದಾಗ ಅತ್ತೆ ಮುಖ ಸಿಂಡರಿಸಿದ್ದಳು. “ಸ್ವಲ್ಪ ಕಹಿ. ಕೆಂಪು ಹೂವಿಂದು ಯಾವಾಗ್ಲೂ ಹೀಗೇ.” ಆಮೇಲೆ ಗಡಿಯಾರದ ಕಡೆ ನೋಡಿದ್ದಳು.

ಅವಳು ಹೋದ ಮೇಲೆ ಸೊಸೆ ಎರಡು ಸಲ ಪಾತಿಯ ಮುಂದೆ ಕೂತು ಮಣ್ಣು ಕೆದಕಿದ್ದಳು. ಬೇರುಗಳು ಹೆಣೆದುಕೊಂಡಿದ್ದವು, ಯಾವ ಗಿಡದ ಗೆಡ್ಡೆ ಕಡಿಮೆಯಾಗಿದೆ ಎಂದು ಅವಳಿಗೆ ತಿಳಿಯಲಿಲ್ಲ.

*

ಸ್ಮಶಾನದಿಂದ ಗಂಡ ವ್ಯಾನಿನಲ್ಲಿ ಮುಂದೆ ಹೋದ. ಸೊಸೆ ನಡೆದೇ ಹೊರಟಳು. ಮೂರನೇ ಮನೆಯ ಔಷಧಿ ಅಂಗಡಿಯವರು ಜೊತೆಗೆ ಬಂದರು.

“ನಿದ್ದೆ ಮಾಡಿಲ್ಲ ಅಲ್ವಾ ತಾಯಿ?”

“ನಾನೇ ಕೊಂದ್ನಾ, ಇಲ್ವಾ? ಅದೊಂದು ಗೊತ್ತಾದ್ರೆ ಸಾಕು ನಂಗೆ.”

“ತಿಂದಿದ್ರಲ್ಲಿ ಏನಾದ್ರೂ ಉಳಿದಿದ್ಯಾ?”

“ಇದೆ.”

“ಒಂದು ಡಬ್ಬೀಲಿ ಹಾಕಿಕೊಡಿ. ಪರೀಕ್ಷೆ ಮಾಡೋರು ನಂಗೆ ಪರಿಚಯ. ನಾಲ್ಕು ದಿನದಲ್ಲಿ ಹೇಳ್ತಾರೆ. ಡೇಲಿಯಾನೇ ಆಗಿದ್ರೆ ಹೊರೆ ಇಳೀತು.”

“ಆಗಿಲ್ದೇ ಇದ್ರೆ?”

ಅವರು ಕೋಟಿನ ಗುಂಡಿ ಹಾಕಿಕೊಂಡರು. “ಗೊತ್ತಾಗತ್ತಲ್ಲ. ಗೊತ್ತಿಲ್ದೇ ಬದುಕೋದಕ್ಕಿಂತ ವಾಸಿ.”

ಎರಡು ದಿನದಲ್ಲಿ ಮೊದಲ ಸಲ ಅವಳ ಕಾಲಿಗೆ ಬಲ ಬಂತು. ಅವರನ್ನು ಗೇಟಿನ ಹತ್ತಿರ ನಿಲ್ಲಿಸಿ ಒಳಗೆ ಓಡಿದಳು. ಕಪಾಟಿನಿಂದ ಗಾಜಿನ ಡಬ್ಬಿ ತೆಗೆದುಕೊಂಡು ಒಲೆಯ ಕಡೆ ತಿರುಗಿದಳು.

ಪಾತ್ರೆ ಅಲ್ಲಿರಲಿಲ್ಲ. ಫಳಫಳ ತೊಳೆದು ಸಿಂಕಿನ ಪಕ್ಕ ಬೋರಲು ಹಾಕಿತ್ತು.

“ರೀ! ಇದರಲ್ಲಿದ್ದಿದ್ದು?”

ಗಂಡ ಅಲ್ಲೇ ನಿಂತಿದ್ದ. ಹೊಸ ಕಪ್ಪು ಕೋಟಿನ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಒಂದು ಲೋಟವನ್ನೂ ತೊಳೆದವನಲ್ಲ.

“ಕಕ್ಕಸಿಗೆ ಸುರಿದು ನೀರು ಬಿಟ್ಟೆ. ಇನ್ನು ಯಾರು ಬಂದು ಹುಡುಕಿದ್ರೂ ಏನೂ ಸಿಗಲ್ಲ.” ಹತ್ತಿರ ಬಂದು ದನಿ ತಗ್ಗಿಸಿದ. “ಹೆದರಬೇಡ. ನೀನು ಬೇಕೂಂತ ಮಾಡಿದ್ದಲ್ಲ, ನಂಗೊತ್ತು.”

ಗೇಟಿನ ಹತ್ತಿರ ಔಷಧಿ ಅಂಗಡಿಯವರು ಕೆಮ್ಮಿದ್ದು ಕೇಳಿಸಿತು. ಗಂಡ ಅವಳ ಕೈಯಲ್ಲಿದ್ದ ಖಾಲಿ ಡಬ್ಬಿಯನ್ನು ನೋಡಿದ. ಮೆಲ್ಲಗೆ ಅದನ್ನೂ ಬಿಡಿಸಿಕೊಂಡು, ನಲ್ಲಿಯ ಕೆಳಗೆ ಹಿಡಿದು, ಸೋಪು ಹಾಕಿ ತೊಳೆಯತೊಡಗಿದ.