ಸೋಪಿಗೆ ಹಾಕಿದ ಕೊಸರು

ಚಿಕ್ಕ ಸೊಸೆಯ ಕೋಣೆಯ ಕಿಟಕಿಯಲ್ಲಿ ಏಳು ಸೋಪುಗಳು ಹಲಗೆಯ ಮೇಲೆ ಒಂದಕ್ಕೊಂದು ತಾಗದಂತೆ ಕೂತಿದ್ದವು. ಎಂಟಿದ್ದವು, ಒಂದು ಅತ್ತೆಯ ಬಚ್ಚಲಿಗೆ ಹೋಗಿತ್ತು. ದೊಡ್ಡ ಸೊಸೆ ದಿನಕ್ಕೆ ನಾಲ್ಕು ಸಲವಾದರೂ ಆ ಕಿಟಕಿಯನ್ನು ದಾಟಬೇಕು, ಕೊಟ್ಟಿಗೆಗೆ ಬೇರೆ ದಾರಿಯಿಲ್ಲ. ಪ್ರತಿ ಸಲವೂ ನೋಡಬಾರದು ಅಂದುಕೊಳ್ಳುತ್ತಿದ್ದಳು, ಪ್ರತಿ ಸಲವೂ ನೋಡುತ್ತಿದ್ದಳು. ಬಿಳಿಯೂ ಅಲ್ಲದ, ಹಳದಿಯೂ ಅಲ್ಲದ, ಗಿಣ್ಣಿನ ಬಣ್ಣ. ಅಂಚು ನುಣ್ಣಗೆ. ಒಂದಾದರೂ ಬಿರುಕು ಬಿಡಬಾರದೇ ಅನ್ನಿಸುತ್ತಿತ್ತು.

ಎರಡು ವರ್ಷದ ಹಿಂದೆ ಅತ್ತೆ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಈಗ ಕೋಲು ಹಿಡಿದು ಓಡಾಡುತ್ತಾರೆ, ಆದರೆ ಒಬ್ಬರೇ ಸ್ನಾನ ಮಾಡಲಾಗದು. ದಿನ ಬಿಟ್ಟು ದಿನ ಅವರನ್ನು ಬಚ್ಚಲಿಗೆ ಕರೆದೊಯ್ದು, ಮರದ ಸ್ಟೂಲಿನ ಮೇಲೆ ಕೂರಿಸಿ, ಮೈ ತೊಳೆಯುವುದು ದೊಡ್ಡವಳ ಕೆಲಸ. ಅದನ್ನು ಅವಳು ಕೆಲಸ ಎಂದುಕೊಂಡಿರಲಿಲ್ಲ. ಹಾಲು ಕರೆಯುವುದು, ಅಳೆಯುವುದು, ಸಗಣಿ ಬಾಚುವುದು ಎಲ್ಲ ಮನೆಯ ಲೆಕ್ಕಕ್ಕೆ. ಆ ಅರ್ಧ ಗಂಟೆ ಮಾತ್ರ ಅವಳ ಲೆಕ್ಕಕ್ಕೆ. ಹೊರಗೆ ಬರೀ ಅಪ್ಪಣೆಯ ಧಾಟಿಯಲ್ಲಿ ಮಾತಾಡುವ ಅತ್ತೆ, ಬಿಸಿನೀರು ಬೆನ್ನ ಮೇಲೆ ಬಿದ್ದೊಡನೆ ಮೆತ್ತಗಾಗುತ್ತಿದ್ದರು. ಯಾರಿಗೂ ಹೇಳದ ಮಾತುಗಳು ಅಲ್ಲಿ ಬರುತ್ತಿದ್ದವು. ಆ ಮನೆಗೆ ಬಂದು ಇಪ್ಪತ್ತು ವರ್ಷವಾದ ಮೇಲೆ, ಬಚ್ಚಲಿನ ಬಾಗಿಲು ಹಾಕಿಕೊಂಡಾಗ ಮಾತ್ರ, ತಾನು ಅವರಿಗೆ ಬೇಕಾದವಳು ಅಂತ ದೊಡ್ಡವಳಿಗೆ ಅನ್ನಿಸುತ್ತಿತ್ತು.

ಚಿಕ್ಕವಳು ಬಂದು ನಾಲ್ಕೇ ವರ್ಷ. ಬೀದಿಯ ತುದಿಯ ಟೈಲರ್ ಅಂಗಡಿಯಲ್ಲಿ ಕೆಲಸ. ಅತ್ತೆಯ ಬೆನ್ನಿನ ತುರಿಕೆ ಯಾವ ಸೋಪಿಗೂ ಬಗ್ಗದ್ದನ್ನು ನೋಡಿ, ಮೊಬೈಲಿನಲ್ಲಿ ನೋಡಿಕೊಂಡು ತಾನೇ ಸೋಪು ಮಾಡಲು ಹೊರಟಳು. ಕೈಗೆ ಗವಸು, ಕಣ್ಣಿಗೆ ಅಗಲವಾದ ಕನ್ನಡಕ ಹಾಕಿಕೊಂಡು ಹಿತ್ತಿಲಲ್ಲಿ ನಿಂತವಳನ್ನು ನೋಡಿ, ಸೋಪು ಮಾಡ್ತಿದ್ದೀಯಾ ಇಲ್ಲ ಜೇನು ಬಿಡಿಸ್ತಿದ್ದೀಯಾ ಅಂತ ದೊಡ್ಡವಳು ಕೇಳಿದ್ದಳು. ಎಣ್ಣೆ, ಕಾಸ್ಟಿಕ್ ಸೋಡಾ, ಕೊನೆಗೆ ನೀರನ್ನೂ ಕೈಯಗಲದ ತಕ್ಕಡಿಯ ಮೇಲಿಟ್ಟು ತೂಗುವುದನ್ನು ಕಂಡು ಇನ್ನಷ್ಟು ನಕ್ಕಿದ್ದಳು. ಮೊದಲ ಸಲ ಎಣ್ಣೆ ಮೇಲೆ, ನೀರು ಕೆಳಗೆ ನಿಂತು ಎಲ್ಲ ಕೆಟ್ಟಿತು. ಅಂದು ದೊಡ್ಡವಳು ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದಳು. ಎರಡನೆಯ ಸಲ ಗಟ್ಟಿಯಾಯಿತು. ಸೋಡಾದ ಖಾರ ಇಳಿಯಬೇಕು ಅಂತ ಚಿಕ್ಕವಳು ತಿಂಗಳು ಪೂರ್ತಿ ಒಣಗಿಸಿ, ಒಂದನ್ನು ಅತ್ತೆಗೆ ಕೊಟ್ಟಳು. ಮೂರು ವಾರದಲ್ಲಿ ತುರಿಕೆ ಹೋಯಿತು.

ಒಂದು ಸೋಮವಾರ, ದೊಡ್ಡವಳು ಬೆನ್ನು ತಿಕ್ಕುತ್ತಿರುವಾಗಲೇ ಅತ್ತೆ ಅಂದರು: "ಆ ಹುಡುಗಿ ಕೈಗುಣ ಚೆನ್ನಾಗಿದೆ ಕಣೆ. ಭಾನುವಾರ ಅವಳಿಗೆ ರಜಾ ಅಲ್ವಾ, ಅವಳೇ ಒಂದ್ಸಲ ಸ್ನಾನ ಮಾಡಿಸ್ಲಿ."

ಆಗಲಿ ಅತ್ತೆ ಅಂದಳು ದೊಡ್ಡವಳು. ಚೊಂಬು ಹಿಡಿದ ಕೈ ಸ್ವಲ್ಪ ಎತ್ತರದಿಂದಲೇ ನೀರು ಸುರಿಯಿತು.

ಅಂದೆಲ್ಲ ಅವಳಿಗೆ ಅದೊಂದೇ ಯೋಚನೆ. ಬೆನ್ನು ತಿಕ್ಕಿದ ಕೈ ತನ್ನದು, ಕೈಗುಣ ಅವಳದು. ಈ ಭಾನುವಾರ ಒಂದು ಸಲ, ಮುಂದಿನ ಭಾನುವಾರ ಇನ್ನೊಂದು ಸಲ, ಆಮೇಲೆ ನೀನು ಹಾಲು ನೋಡಿಕೋ ಅಂತ ತನ್ನನ್ನು ಕೊಟ್ಟಿಗೆಗೆ ಅಟ್ಟುತ್ತಾರೆ. ಒಂದು ಸೋಪಿನಿಂದ ಬಂದ ಹೆಸರು ಇನ್ನೊಂದು ಸೋಪಿನಿಂದ ಹೋಗಬೇಕು. ಶುಕ್ರವಾರದ ಸ್ನಾನಕ್ಕೆ ತನ್ನ ಸೋಪು ಬರಬೇಕು.

ಬುಧವಾರ ಚಿಕ್ಕವಳು ಅಂಗಡಿಗೆ ಹೋದ ಮೇಲೆ ದೊಡ್ಡವಳು ಅವಳ ಕೋಣೆಗೆ ಹೋದಳು. ಮೇಜಿನ ಮೇಲೆ ನೋಟುಬುಕ್ಕು ಇತ್ತು. ಎಣ್ಣೆ 500, ಸೋಡಾ 70, ನೀರು 170. ಬರೀ ಅಂಕಿ. ತಕ್ಕಡಿಯನ್ನು ಅವಳು ಮುಟ್ಟಲಿಲ್ಲ. ಹಾಲಿನ ಮನೆಯವಳಿಗೆ ಅದು ಬೇಕೇ? ಒಂದು ಲೀಟರು ಎಂದರೆ ಒಂದು ಕಿಲೋ, ಇಪ್ಪತ್ತು ವರ್ಷ ಡೈರಿಯವರೇ ಒಪ್ಪಿದ ಮಾತು. ಕಪಾಟಿನಿಂದ ಸೋಡಾದ ಡಬ್ಬಿ ತೆಗೆದುಕೊಂಡು ಕೊಟ್ಟಿಗೆಯ ಪಕ್ಕದ ಹಾಲಿನ ಕೋಣೆಗೆ ಬಂದಳು.

ಅರ್ಧ ಲೀಟರಿನ ಅಳತೆಯಲ್ಲಿ ಎಣ್ಣೆ ಹಿಡಿದಳು. ಅಳತೆ ತುಂಬುವ ಹೊತ್ತಿಗೆ ಸೀಸೆ ಬರಿದಾಯಿತು. ಕರುಗಳಿಗೆ ಔಷಧಿ ಕುಡಿಸುವ, ಗೆರೆ ಹಾಕಿದ ಲೋಟದಲ್ಲಿ ಎಪ್ಪತ್ತರ ಗೆರೆಗೆ ಸರಿಯಾಗಿ ಸೋಡಾ ತುಂಬಿದಳು. ಗೆರೆಗೆ ನಿಲ್ಲಿಸಿ ಅವಳಿಗೆ ಅಭ್ಯಾಸವಿಲ್ಲ. ಬಾಗಿಲಿಗೆ ಬಂದವರಿಗೆ ಅಳೆದು ಹಾಕಿದ ಮೇಲೆ ಒಂದು ಕೊಸರು ಹಾಕದೆ ಕಳಿಸಿದವಳಲ್ಲ. ಕೈ ತಾನಾಗಿಯೇ ಇನ್ನೊಂದು ಚಮಚ ಸೋಡಾ ಹಾಕಿತು.

ಸೋಡಾ ನೀರಿಗೆ ಬಿದ್ದು ಪಾತ್ರೆ ಕಾದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಅಷ್ಟೇ. ಆರಿದ ಮೇಲೆ ಎಣ್ಣೆಗೆ ಸುರಿದು ಕಡೆಗೋಲು ಹಾಕಿ ಕಡೆದಳು. ಚಿಕ್ಕವಳು ಚಮಚದಲ್ಲಿ ಮುಕ್ಕಾಲು ಗಂಟೆ ತಿರುವಿದ್ದು ಇವಳ ಕೈಯಲ್ಲಿ ಹತ್ತು ನಿಮಿಷಕ್ಕೆ ಗಟ್ಟಿ ಮಜ್ಜಿಗೆಯಾಯಿತು. ಬೆಣ್ಣೆ ತೆಗೆದ ಕೈ, ಅಂದುಕೊಂಡಳು. ಬಿಸ್ಕತ್ತಿನ ಡಬ್ಬಿಗೆ ಸುರಿದು ಹುಲ್ಲಿನ ಹಿಂದೆ ಇಟ್ಟಳು. ಗುರುವಾರ ತೆಗೆದರೆ ಅಚ್ಚ ಬಿಳಿ, ಚಿಕ್ಕವಳದ್ದಕ್ಕಿಂತ ಬಿಳಿ. ಕತ್ತರಿಸುವಾಗ ಪುಡಿ ಉದುರಿತು. ತಿಂಗಳು ಒಣಗಿಸುವುದಕ್ಕೆ ಇದೇನು ಉಪ್ಪಿನಕಾಯಿಯೇ?

ಶುಕ್ರವಾರ ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ನೀರು ಹಾಕಿ, ತನ್ನ ಸೋಪನ್ನು ಎರಡೂ ಕೈಗೆ ತಿಕ್ಕಿಕೊಂಡಳು. ನೊರೆ ಚೆನ್ನಾಗಿಯೇ ಬಂತು. ಅಂಗೈ ಚುರುಗುಟ್ಟಿತು, ಹಗ್ಗ ಎಳೆದು ತರಚಿದ ಕೈ, ಅದಕ್ಕೇ ಇರಬೇಕು ಎಂದುಕೊಂಡಳು. ಚುರುಗುಟ್ಟುವುದು ಉರಿಯಾಯಿತು. ಆಗ ಅವಳಿಗೆ ಗೊತ್ತಾಯಿತು. ಗೊತ್ತಾದ ಮೇಲೂ ಅವಳ ಬಲಗೈ ಅತ್ತೆಯ ಹೆಗಲ ಮೇಲೆ ಹೋಗಿ ಒಂದು ಸುತ್ತು ತಿರುಗಿತು. ಇಷ್ಟು ಬಿಳಿಯ ಸೋಪು ಹಾಗೆ ಮಾಡಲಾರದು ಅಂತ ಆ ಕೈಗೆ ಇನ್ನೂ ಆಸೆ.

"ಉರೀತಿದೆ ಕಣೆ," ಅಂದರು ಅತ್ತೆ.

ಅವಳು ನೀರಿನ ಮೇಲೆ ನೀರು ಸುರಿದಳು. ಹೆಗಲ ಮೇಲೆ ಅಂಗೈಯಷ್ಟಗಲ ಕೆಂಪು ಎದ್ದಿತ್ತು.

"ಯಾವ ಸೋಪು ಅದು?"

"ಚಿಕ್ಕವಳದ್ದೇ ಅತ್ತೆ," ಅಂದಳು ದೊಡ್ಡವಳು.

ಹೇಳಿದ ಮೇಲೆ ಅವಳಿಗೆ ಭಯಕ್ಕಿಂತ ಮೊದಲು ಹಗುರವೆನಿಸಿತು. ಅತ್ತೆ ಗೊಣಗುತ್ತ, ಇನ್ನು ಆ ಹುಡುಗಿಯ ಸಹವಾಸ ಬೇಡ, ಭಾನುವಾರವೂ ನೀನೇ ಬಾ ಅಂದರು. ಬೇಕಾಗಿದ್ದ ಮಾತು ಅದೇ. ತನ್ನ ಸೋಪನ್ನು ಮತ್ತೆ ಹುಲ್ಲಿನ ಹಿಂದೆ ಅಡಗಿಸಿಟ್ಟಳು. ಕೈಗಳು ಮಾತ್ರ ಬೆಂದಂತಾಗಿದ್ದವು. ಮಧ್ಯಾಹ್ನ ಒಂದೇ ಹಸು ಕರೆಯಲು ಎರಡು ಸಲ ನಿಂತು ನೀರಿನಲ್ಲಿ ಅದ್ದಿಕೊಂಡಳು.

ಸಂಜೆ ಚಿಕ್ಕವಳು ಬಂದಳು. ಅತ್ತೆ ಹೆಗಲು ತೋರಿಸಿ ಚೆನ್ನಾಗಿ ಬೈದರು. ಅವಳು ಬಚ್ಚಲಿನದ್ದೂ ಸೇರಿ ಎಂಟೂ ಸೋಪನ್ನು ತಂದು ನೆಲದ ಮೇಲೆ ಕೂತು, ಒಂದೊಂದಕ್ಕೂ ನಾಲಿಗೆಯ ತುದಿ ತಾಗಿಸಿ ನೋಡಿದಳು. ಸೋಡಾ ಉಳಿದಿದ್ದರೆ ನಾಲಿಗೆ ಚುರ್ರೆನ್ನಬೇಕಂತೆ. ಯಾವುದೂ ಅನ್ನಲಿಲ್ಲ. ಆದರೂ ಎಲ್ಲವನ್ನೂ ಒಂದು ಹಾಳೆಯಲ್ಲಿ ಕಟ್ಟತೊಡಗಿದಳು. ಎರಡನೆಯ ಸಲ ಮಾಡಿದವಳು ನಾನು, ನನಗೇನು ಗೊತ್ತು, ಎಲ್ಲೋ ಅಳತೆ ತಪ್ಪಿದ್ದೇನೆ, ಎಲ್ಲ ಎಸೆಯುತ್ತೇನೆ ಅಂದಳು.

ಅತ್ತೆಯ ಸಿಟ್ಟು ಇಳಿಯಿತು. ಕೈ ಚಾಚಿ ಅವಳ ತಲೆ ಸವರಿದರು. "ಹೋಗ್ಲಿ ಬಿಡು ಮಗಳೇ. ತಪ್ಪು ಒಪ್ಕೊಳ್ಳೋಕೂ ದೊಡ್ಡ ಮನಸ್ಸು ಬೇಕು."

ದೊಡ್ಡವಳು ಟವೆಲಿನಲ್ಲಿ ಕೈ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಇಪ್ಪತ್ತು ವರ್ಷದಲ್ಲಿ ಅವಳು ಕೇಳಿದ್ದು ಕಣೆ, ಏನೇ, ಇವಳೇ. ಮಗಳೇ ಅಂತ ಒಂದು ಸಲವೂ ಇಲ್ಲ. ಮಾಡಿದ ತಪ್ಪು ತನ್ನದು, ಒಪ್ಪಿಕೊಂಡ ಪುಣ್ಯ ಅವಳದು. ಅದನ್ನೂ ಅವಳಿಗೆ ಬಿಟ್ಟುಕೊಡಬೇಕೇ?

"ಅದು ಅವಳ ಸೋಪಲ್ಲ," ಅಂದಳು. "ನಂದು. ನಾನು ಮಾಡಿದ್ದು."

ಟವೆಲು ತೆಗೆದು ಕೈ ತೋರಿಸಿದಳು. ಬೆರಳ ಸಂದಿಯೆಲ್ಲ ಕೆಂಪಾಗಿ ಚರ್ಮ ಎದ್ದಿತ್ತು. ಚಿಕ್ಕವಳು ಎದ್ದು ಬಂದು ಕೈ ಹಿಡಿದಳು, ಇವಳು ಬಿಡಿಸಿಕೊಂಡಳು.

"ಎಷ್ಟು ತೂಗಿದ್ರಿ ಅಕ್ಕ?"

ತೂಗಲಿಲ್ಲ, ಅಳೆದೆ ಅಂದಳು ದೊಡ್ಡವಳು. ಅರ್ಧ ಲೀಟರು ಎಣ್ಣೆ, ಎಪ್ಪತ್ತರ ಗೆರೆಗೆ ಸೋಡಾ. ಎಣ್ಣೆ ಹಾಲಿನಷ್ಟು ತೂಗುವುದಿಲ್ಲ, ಸೋಡಾ ಅದಕ್ಕಿಂತ ಹೆಚ್ಚು ತೂಗುತ್ತದೆ, ಅದಕ್ಕೇ ತಕ್ಕಡಿ ಅಂತ ಚಿಕ್ಕವಳು ಮೆಲ್ಲಗೆ ಹೇಳಿದಳು. ಆದರೂ ಇಷ್ಟು ಸುಡಬಾರದಿತ್ತಲ್ಲ ಅಂತ ಅನುಮಾನಪಟ್ಟಳು.

"ಮೇಲೆ ಒಂದು ಚಮಚ ಕೊಸರು ಹಾಕಿದೆ."

ಅತ್ತೆಯ ಹೊಟ್ಟೆ ಕುಲುಕಿತು. ನಕ್ಕರೆ ಸೊಂಟ ನೋಯುತ್ತದೆಂದು ಬಾಯಿ ಬಿಗಿಹಿಡಿದಿದ್ದರು. "ನನ್ ಹೆಗಲಿಗೂ ಕೊಸರು ಹಾಕಿದ್ಯಲ್ಲೇ ಇವಳೇ," ಅಂದರು. ನಗು ನಿಂತ ಮೇಲೆ ಅವಳನ್ನೇ ಬಹಳ ಹೊತ್ತು ನೋಡಿದರು. "ಸುಳ್ಳು ಯಾಕೆ ಹೇಳಿದೆ ಅಂತ ಕೇಳಲ್ಲ. ಕೈ ವಾಸಿಯಾಗೋವರೆಗೂ ನೀನು ಬಚ್ಚಲಿಗೆ ಬರ್ಬೇಡ."

ಕಾಂಪೌಂಡರ್ ಬಂದು ನೋಡಿ ಮುಲಾಮು ಕೊಟ್ಟ. ಹತ್ತು ದಿನವಾದರೂ ಬೇಕು, ನೀರು ತಾಗಿಸಬೇಡಿ ಅಂದ. ಹಾಲು ಕರೆಯುವುದು ಗಂಡನ ಪಾಲಿಗೆ ಬಂತು, ಅವನು ಕೊಸರಿಲ್ಲದೆ ಅಳೆಯುತ್ತಾನೆಂದು ಬಾಗಿಲಿಗೆ ಬಂದವರು ಗೊಣಗಿದರು.

ಭಾನುವಾರ ಬೆಳಿಗ್ಗೆ ಚಿಕ್ಕವಳು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವಳಿಗೆ ಹೆದರಿಕೆಯಾಗಿತ್ತು, ಮುಖದಲ್ಲೇ ಕಾಣುತ್ತಿತ್ತು.

"ಅತ್ತೆಗೆ ಹೇಗೆ ಮಾಡಿಸ್ಬೇಕು, ಸ್ವಲ್ಪ ಹೇಳಿಕೊಡಿ ಅಕ್ಕ. ನಂಗೆ ಏನೂ ಗೊತ್ತಿಲ್ಲ."

ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ದೊಡ್ಡವಳು ಹೇಳಿದಳು. ಸ್ಟೂಲಿನ ಕೆಳಗೆ ಒದ್ದೆ ಗೋಣಿ ಹಾಕು, ಜಾರಬಾರದು. ಎಡಗಾಲು ನೀನಾಗಿ ಮಡಿಸಬೇಡ. ಮೊದಲು ಕಾಲಿಗೆ ನೀರು, ಆಮೇಲೆ ಬೆನ್ನಿಗೆ. ತಲೆಗೆ ಹಾಕುವ ಮುಂಚೆ ಹೇಳಿ ಹಾಕು. ಚಿಕ್ಕವಳು ಒಂದೊಂದಕ್ಕೂ ತಲೆಯಾಡಿಸುತ್ತ, ಬೆರಳು ಮಡಿಸುತ್ತ ಕೇಳಿಕೊಂಡಳು.

"ಇಷ್ಟೇನಾ ಅಕ್ಕ?"

ಹೇಳದೆ ಉಳಿದದ್ದು ಒಂದಿತ್ತು: ಎಲ್ಲ ಮುಗಿದ ಮೇಲೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಕತ್ತಿನ ಹಿಂದೆ ಇಟ್ಟು ಒಂದು ನಿಮಿಷ ಒತ್ತಿ ಹಿಡಿಯಬೇಕು. ಅತ್ತೆ ಕಣ್ಣು ಮುಚ್ಚುತ್ತಾರೆ. ಮಾತಾಡುವುದೇನಿದ್ದರೂ ಆಗ.

"ಇಷ್ಟೇ," ಅಂದಳು ದೊಡ್ಡವಳು. "ಹೋಗು, ನೀರು ಆರುತ್ತೆ."