ಮೂಗಿಗೆ ತಿಳಿಯದ ಗ್ಯಾಸು

ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಕುಲುಮೆಯ ಹೊಗೆ ಸಾಗುವ ನೆಲಗುಂಡಿಯನ್ನು ವರ್ಷಕ್ಕೆರಡು ಸಲ ಕೆರೆದು ಚೊಕ್ಕ ಮಾಡಬೇಕು. ಆ ದಿನ ಮೊದಲು ಕಲ್ಲಪ್ಪ ಮಂಡಿಯೂರಿ, ಗುಂಡಿಯೊಳಗೆ ತಲೆ ಚಾಚಿ ಮೂಸುವುದು ಅಲ್ಲಿನ ರೂಢಿ. ಅವನು "ಇಳೀರೋ" ಅಂದ ಮೇಲೆಯೇ ಉಳಿದವರು ಇಳಿಯುವುದು. ಇಪ್ಪತ್ತೆರಡು ವರ್ಷದ ಈ ಹಿರಿತನದ ಬಗ್ಗೆ ಅವನಿಗೆ ಬಲು ಹೆಮ್ಮೆ.

೨೦೦೪ರ ಬೇಸಿಗೆ. ಗುಂಡಿ ಕೆಲಸದ ಹಿಂದಿನ ಸಂಜೆ ಮಗಳು ಸಂಘಮಿತ್ರಾ ಶಂಕರಘಟ್ಟದಿಂದ ಬಂದಳು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವಳದು ಭೌತಶಾಸ್ತ್ರದ ಸಂಶೋಧನೆ. ಬೆರಳಗಲದ ಪ್ಲಾಸ್ಟಿಕ್ ಪಟ್ಟಿಯೊಂದನ್ನೂ ಅದಕ್ಕೆ ತಂತಿಯಿಂದ ಜೋಡಿಸಿದ ಬಜರನ್ನೂ ಅಪ್ಪನ ಮುಂದಿಟ್ಟಳು.

"ನಾಳೆ ಮೂಸಬೇಡಪ್ಪ. ಇದನ್ನ ಕೋಲಿಗೆ ಕಟ್ಟಿ ಇಳಿಬಿಡು. ಕುಲುಮೆ ಹೊಗೇಲಿರೋ ಕಾರ್ಬನ್ ಮಾನಾಕ್ಸೈಡ್ ವಿಷ, ಅದಕ್ಕೆ ವಾಸನೇನೇ ಇಲ್ಲ."

"ನನ್ನ ಮೂಗಿಗಿಂತ ಈ ಪ್ಲಾಸ್ಟಿಕ್ ದೊಡ್ಡದೇನೇ?"

"ಕೆಲಸ ಮಾಡೋದು ಅದರ ಮೇಲಿನ ಪೊರೆ. ಕೂದಲಿಗಿಂತ ನೂರಾರು ಪಟ್ಟು ತೆಳು. ಗ್ಯಾಸ್ ತಾಗಿದ್ರೆ ಅದರಲ್ಲಿ ಹರಿಯೋ ಕರೆಂಟು ಬದಲಾಗುತ್ತೆ, ಬಜರ್ ಕೂಗುತ್ತೆ."

ಕಲ್ಲಪ್ಪ ಪಟ್ಟಿಯನ್ನು ಬಗ್ಗಿಸಿ ನೋಡಿದ. "ಬೆಂಕೀಲಿ ಕಾಯಿಸ್ದೆ ಪೊರೆ ಹೆಂಗೆ ಕೂತ್ಕೊಳ್ತು? ಕಾಯಿಸಿದ್ರೆ ಇದು ಕರಗಿ ಹೋಗಲ್ವಾ?"

ಸಂಘಮಿತ್ರಾಳ ಮುಖ ಅರಳಿತು. ಅವಳ ಮೂರು ವರ್ಷದ ದುಡಿಮೆ ನಡೆದಿದ್ದು ಆ ಪ್ರಶ್ನೆಯ ಮೇಲೆಯೇ. ಗೋಡೆಯ ಟ್ಯೂಬ್‌ಲೈಟ್ ತೋರಿಸಿದಳು. "ಅದರೊಳಗೆ ಒಂಚೂರು ಗ್ಯಾಸ್ ಇದೆ. ಕರೆಂಟ್ ಕೊಟ್ರೆ ಹೊಳೆಯುತ್ತೆ, ಕುಲುಮೆ ಥರ ಸುಡಲ್ಲ. ಅದೇ ಪ್ಲಾಸ್ಮಾ. ಅಂಥ ಹೊಳಪಲ್ಲೇ ತವರ ಅನ್ನೋ ಲೋಹಕ್ಕೆ ಆಕ್ಸಿಜನ್ ಸೇರಿಸಿ ಪೊರೆ ಕೂರಿಸಿದ್ವಿ. ಅದಕ್ಕೇ ಪ್ಲಾಸ್ಟಿಕ್ ಕರಗಲಿಲ್ಲ. ಆದ್ರೆ ಅಪ್ಪ, ಇದಿನ್ನೂ ಪರೀಕ್ಷೆಯಲ್ಲಿರೋ ಸಾಮಾನು. ಕೂಗಿದ್ರೆ ಇಳೀಬೇಡಿ. ಕೂಗದಿದ್ರೂ ಆಫೀಸಿನ ಗ್ಯಾಸ್ ಮೀಟರ್ ಇಟ್ಟು ನೋಡ್ದೆ ಇಳೀಬೇಡಿ."

ಬೆಳಿಗ್ಗೆ ಗುಂಡಿಯ ಬಾಯಲ್ಲಿ ಕೋಲು ಹಿಡಿದ ಕಲ್ಲಪ್ಪನನ್ನು ನೋಡಿ ಜೊತೆಗಾರ ಏಕಾಂತಪ್ಪ ನಕ್ಕ. "ಏನ್ ಕಲ್ಲಣ್ಣ, ಗಾಳ ಹಾಕ್ತಿದೀಯಾ? ಮೀನು ಸಿಕ್ರೆ ನನಗೊಂದು ಕೊಡು ಮಾರಾಯ!" ಎನ್ನುತ್ತಲೇ, ಕಲ್ಲಪ್ಪ "ಇಳೀರೋ" ಅನ್ನುವ ಮೊದಲೇ ಏಣಿಗೆ ಕಾಲಿಟ್ಟ.

ಕಲ್ಲಪ್ಪ ನಿಂತಲ್ಲೇ ಮೂಗೆಳೆದ. ಧೂಳಿನ ವಾಸನೆ ಬಿಟ್ಟರೆ ಏನೂ ಇಲ್ಲ. ಪಟ್ಟಿ ಇಳಿಬಿಟ್ಟ. ಮೂರಡಿ ಹೋಗುವಷ್ಟರಲ್ಲಿ ಬಜರ್ ಕಿರುಚಿಕೊಂಡಿತು. ಕಲ್ಲಪ್ಪ ಏಕಾಂತಪ್ಪನ ಕಾಲರಿಗೆ ಕೈ ಹಾಕಿ ಮೇಲಕ್ಕೆಳೆದ.

ಆಫೀಸಿನ ಬೀರುವಿನಲ್ಲಿ ಬಳಸದೆ ಕೂತಿದ್ದ ಮೀಟರ್ ಬಂತು. ಮುಳ್ಳು ಕೆಂಪು ಗೆರೆ ದಾಟಿತ್ತು. ಎರಡು ಗಂಟೆ ಬ್ಲೋವರಿನಿಂದ ಗಾಳಿ ಬಿಟ್ಟು, ಮತ್ತೆ ಅಳೆದು, ಮೇಲೊಬ್ಬನನ್ನು ಕಾವಲಿಟ್ಟು ಇಳಿದರು.

"ಯಾವ ಕಂಪನೀದು ಕಲ್ಲಣ್ಣ ಇದು?" ಏಕಾಂತಪ್ಪ ಕೇಳಿದ.

"ಕಂಪನೀದಲ್ಲ ಮಾರಾಯ. ನನ್ನ ಮಗಳು ಮಾಡಿದ್ದು. ಇಲ್ಲೇ, ಶಂಕರಘಟ್ಟದಲ್ಲಿ."

ಗುಂಡಿ, ಟ್ಯಾಂಕು, ಬಾವಿಗಳಲ್ಲಿ ದುಡಿಯುವ ಬಂಧುಗಳೇ, ಗಾಳಿಯನ್ನು ಅಳೆಯದೆ ಇಳಿಯಬೇಡಿ. ಒಳಗೆ ಯಾರಾದರೂ ಕುಸಿದರೆ ಅವರ ಹಿಂದೆ ಧುಮುಕಬೇಡಿ, ರಕ್ಷಣಾ ತಂಡವನ್ನು ಕರೆಯಿರಿ. ಮೀಟರ್ ಕೇಳುವುದು ನಿಮ್ಮ ಹಕ್ಕು. ಕೇಳಿ ಪಡೆಯಿರಿ.