ಕ್ಷಮೆಯ ಸೀನು

"ಆ ಲೋಟ ತೆಗಿ ಅಲ್ಲಿಂದ, ಫ್ರೇಮಿನಲ್ಲಿ ಕಾಣ್ತಿದೆ!"

ದೊಡ್ಡಮ್ಮ ಎಡ ಹುಬ್ಬನ್ನು ಏರಿಸಿ, ಮೂಗಿನ ಹೊಳ್ಳೆ ಅರಳಿಸಿ, ಎದುರಿಗೆ ನಡುಗುತ್ತ ನಿಂತಿದ್ದ ಸೊಸೆಯ ಕಣ್ಣಿಗೇ ಚುಚ್ಚುವ ಹಾಗೆ ಬೆರಳು ಚಾಚಿ ಈ ಮಾತನ್ನು ಗುಡುಗಿದಳು. ಗುಡುಗಿ, ಮುಂದಿನ ಮಾತಿಗೆ ಕಿವಿಗೊಟ್ಟು ನಿಂತಳು. ಮುಂದಿನ ಮಾತು ಬರಲಿಲ್ಲ. ಸೊಸೆಯ ಪಾತ್ರದ ಹುಡುಗಿ ತುಟಿ ಕಚ್ಚಿಕೊಂಡಳು. ಲೈಟಿನವನು ಮೊದಲು ಕಿಸಕ್ಕೆಂದ. ಅವನ ಹಿಂದೆಯೇ ಇಡೀ ಸೆಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆ ಧಾರಾವಾಹಿಯಲ್ಲಿ ಯಾರೂ ಮಾತು ಬಾಯಿಪಾಠ ಮಾಡುತ್ತಿರಲಿಲ್ಲ. ದಿನಕ್ಕೊಂದು ಕಂತು ಹೋಗಬೇಕು. ಬರೆದ ಹಾಳೆ ಬೆಳಗಿನ ತಿಂಡಿಯ ಹೊತ್ತಿಗೆ ಬಿಸಿಬಿಸಿಯಾಗಿ ಬರುತ್ತಿತ್ತು. ಕ್ಯಾಮೆರಾದ ಪಕ್ಕದ ಸ್ಟೂಲಿನ ಮೇಲೆ ಕೂತು ಪ್ರಾಂಪ್ಟರ್ ಒಂದೊಂದೇ ಮಾತನ್ನು ಗಟ್ಟಿಯಾಗಿ ಓದುತ್ತಿದ್ದಳು, ನಟರು ಅದಕ್ಕೆ ಸಿಟ್ಟನ್ನೋ ಅಳುವನ್ನೋ ಹಚ್ಚಿ ಒಪ್ಪಿಸುತ್ತಿದ್ದರು, ಅವಳ ದನಿಯನ್ನು ಆಮೇಲೆ ಡಬ್ಬಿಂಗಿನಲ್ಲಿ ಅಳಿಸುತ್ತಿದ್ದರು. ಅವಳನ್ನು ಎಲ್ಲರೂ ಗಿಣಿ ಎಂದು ಕರೆಯುತ್ತಿದ್ದರು. ನಿಜ ನೋಡಿದರೆ ಗಿಣಿಗಳು ಉಳಿದವರು. ಈಗ ಆದದ್ದು ಇಷ್ಟೇ: ಸೀನಿನ ನಡುವೆ ಗಿಣಿಯ ಕಣ್ಣಿಗೆ ಮೇಜಿನ ಮೇಲೆ ಯಾರೋ ಮರೆತ ಚಹಾದ ಲೋಟ ಬಿದ್ದಿತ್ತು, ಪಕ್ಕದವನಿಗೆ ಅವಳು ಹೇಳಿದ್ದನ್ನು ದೊಡ್ಡಮ್ಮ ತನ್ನ ಮಾತೆಂದುಕೊಂಡು ಸೊಸೆಯ ಮೇಲೆ ಎಸೆದಿದ್ದಳು.

"ಸಾರಿ ಮೇಡಂ, ತಪ್ಪು ನಂದೇ" ಎಂದಳು ಗಿಣಿ, ನಗು ನುಂಗಿಕೊಂಡು. "ಆದ್ರೂ ಏನು ಖದರು! ಲೋಟ ತಾನಾಗೇ ಎದ್ದು ಹೋಗ್ಬೇಕಿತ್ತು."

ದೊಡ್ಡಮ್ಮನೂ ನಕ್ಕಳು. ಅವಳು ಪುಟಗಟ್ಟಲೆ ಮಾತನ್ನು ಒಮ್ಮೆ ಕಣ್ಣಾಡಿಸಿ ಒಂದೇ ಟೇಕಿನಲ್ಲಿ ಮುಗಿಸುತ್ತಿದ್ದವಳು; ಗಿಣಿಯ ದನಿ ತನಗೆ ಅಡ್ಡಿ ಎಂದು ಬಾಯಿ ಮುಚ್ಚಿಸುತ್ತಿದ್ದವಳು. ಈಚೆಗೆ ಏನೋ ಆಗಿತ್ತು. ಮಧ್ಯಾಹ್ನ ತಿರುಗಿತೆಂದರೆ ತಲೆಯೊಳಗೆ ಯಾರೋ ಒದ್ದೆ ಬಟ್ಟೆ ಹರವಿದ ಹಾಗೆ. ಮಾತು ಹಾಗಿರಲಿ, ಎದುರಿಗಿರುವವಳನ್ನು ತಾನು ಯಾಕೆ ಬೈಯುತ್ತಿದ್ದೇನೆ ಎಂಬುದೇ ಜಾರಿಹೋಗುತ್ತಿತ್ತು.

ದೊಡ್ಡಮ್ಮ ಎನ್ನುವುದು ಪಾತ್ರದ ಹೆಸರು. ಅವಳ ಸ್ವಂತದ ಹೆಸರು ಜನರ ಬಾಯಿಂದ ಯಾವತ್ತೋ ಉದುರಿಹೋಗಿತ್ತು. ತರಕಾರಿ ಅಂಗಡಿಯಲ್ಲಿ ಹೆಂಗಸರು ಅವಳನ್ನು ಕಂಡರೆ ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. "ಆ ಹುಡುಗಿಗೆ ಇನ್ನೆಷ್ಟು ಕಾಟ ಕೊಡ್ತೀಯೇ, ನಿನ್ನ ಕೈ ಸೇದಿಹೋಗ" ಎಂದು ಒಬ್ಬಳು ಮುಖಕ್ಕೇ ಶಪಿಸಿದ್ದಳು. ದೊಡ್ಡಮ್ಮನಿಗೆ ಅದು ಖುಷಿಯೇ. ಮನೆಮನೆಯಲ್ಲಿ ತಲೆ ತಗ್ಗಿಸಿ ಬಾಳಿದ ಹೆಂಗಸರ ನಡುವೆ ತಾನೊಬ್ಬಳಾದರೂ ಹೆದರಿಸುವಷ್ಟು ಬೆಳೆದಿದ್ದೇನಲ್ಲ ಎಂದು.

ಊಟದ ಬಿಡುವಿಗೆ ದೊಡ್ಡಮ್ಮನ ಅಕ್ಕ ಬಂದಳು. ಇಸ್ತ್ರಿ ಮುರಿಯದ ತಿಳಿಬಣ್ಣದ ಬಟ್ಟೆ, ಸದ್ದಿಲ್ಲದ ಚಪ್ಪಲಿ, ಕೈಯಲ್ಲಿ ಊಟದ ಕ್ಯಾರಿಯರ್. ಸೆಟ್ಟಿನವರೆಲ್ಲ ಎದ್ದು ಕುರ್ಚಿ ಕೊಟ್ಟರು. ಲೈಟಿನವನ ಮಗುವಿನ ಜ್ವರ, ಗಿಣಿಯ ಸೊಂಟನೋವು, ಎಲ್ಲವೂ ಅಕ್ಕನಿಗೆ ನೆನಪಿರುತ್ತಿತ್ತು; ಒಬ್ಬೊಬ್ಬರನ್ನೂ ವಿಚಾರಿಸಿಕೊಂಡೇ ಅವಳು ಒಳಗೆ ಬರುವುದು.

"ಮತ್ತೆ ಮರೆತಳಂತಾ ನಮ್ಮ ಪುಟ್ಟಿ?" ಎಂದಳು ಗಿಣಿಗೆ ಮೆಲ್ಲಗೆ. ಐವತ್ತು ದಾಟಿದ ದೊಡ್ಡಮ್ಮ ಅವಳಿಗೆ ಇನ್ನೂ ಪುಟ್ಟಿಯೇ. "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ವಂಶದಲ್ಲೇ ಇದೆ, ಏನ್ಮಾಡೋದು."

ಊಟವಾದ ಮೇಲೆ ಅಕ್ಕ ಚೀಲದ ಒಳಜೇಬಿನಿಂದ ಪುಟ್ಟ ಡಬ್ಬಿ ತೆಗೆದಳು. ಶಕ್ತಿಗೆಂದು ದಿನಾ ಕೊಡುವ ಮಾತ್ರೆ; ಅದನ್ನು ಯಾವತ್ತೂ ಕೈಗೆ ಕೊಟ್ಟವಳಲ್ಲ. "ಆ ಅನ್ನು" ಎಂದು ತಾನೇ ನಾಲಿಗೆಯ ಮೇಲಿಟ್ಟು, ನೀರು ಕುಡಿಸಿ, ಅದು ಗಂಟಲಲ್ಲಿ ಇಳಿಯುವುದನ್ನು ನೋಡಿದಳು. "ಜಾಣೆ. ಈ ಸೀರಿಯಲ್ ಒಂದು ಮುಗೀಲಿ. ಆಮೇಲೆ ಮನೇಲೇ ಇರು, ನಾನು ನೋಡ್ಕೋತೀನಿ. ಹಿಂದಿನ ಕೋಣೆ ತೊಳೆಸಿ ಇಟ್ಟಿದ್ದೀನಿ."

ಹಿಂದಿನ ಕೋಣೆ ಅಮ್ಮ ಕೊನೆಯ ವರ್ಷಗಳನ್ನು ಕಳೆದ ಕೋಣೆ. ಅದರ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತಿತ್ತು.

ಆ ದಿನವೇ ನಿರ್ದೇಶಕ ದೊಡ್ಡಮ್ಮನನ್ನು ಪಕ್ಕಕ್ಕೆ ಕರೆದ. ಜೊತೆಗೆ ಚಾನೆಲ್ಲಿನವನೂ ಇದ್ದ, ಫೋನಿನಿಂದ ತಲೆ ಎತ್ತದೆ.

"ಮುಗಿಸ್ತಾ ಇದ್ದೀವಿ ಅಮ್ಮ. ಕೊನೇಲಿ ಒಂದು ಟ್ವಿಸ್ಟು. ನೀವು ಮಾಡಿದ್ದೆಲ್ಲ ನಿಮ್ಮ ಮೈದುನ ಮಾಡಿಸಿದ್ದು ಅಂತ ಗೊತ್ತಾಗುತ್ತೆ. ನೀವು ಸೊಸೆ ಮುಂದೆ ಮಂಡಿಯೂರಿ ಕ್ಷಮೆ ಕೇಳ್ತೀರಾ. ಬಿಕ್ಕಿಬಿಕ್ಕಿ ಅಳಬೇಕು."

"ಮೈದುನಾನಾ? ಆ ಪೆದ್ದು ಮುಂಡೇದಾ? ತನ್ನ ಚಪ್ಪಲಿ ಯಾವುದು ಅಂತ ಗೊತ್ತಿಲ್ಲ ಅವನಿಗೆ, ನನ್ನ ಕೈಲಿ ಇಷ್ಟೆಲ್ಲ ಮಾಡಿಸ್ತಾನಾ?"

"ಹೆಂಗಸು ತಾನೇ ಇಷ್ಟೆಲ್ಲ ಮಾಡಿದ್ಲು ಅಂದ್ರೆ ಯಾರು ನಂಬ್ತಾರೆ ಅಮ್ಮ? ಹಿಂದೆ ಒಬ್ಬ ಗಂಡಸು ಇರಬೇಕು. ಇಲ್ಲಾ ಹುಚ್ಚು ಹಿಡಿಸಬೇಕು. ಇಲ್ಲಾ ಮಕ್ಕಳಾಗಲಿಲ್ಲ ಅನ್ನೋ ಹೊಟ್ಟೆಕಿಚ್ಚು. ಒಂದು ಕಾರಣ ಅಂತ ಬೇಡ್ವಾ?"

"ಹೋದ ಸೀರಿಯಲ್ಲಲ್ಲಿ ಗಂಡು ವಿಲನ್ನನ್ನ ಬೆಟ್ಟದ ತುದೀಲಿ ನಿಲ್ಲಿಸಿ, ಗಾಳೀಲಿ ಕೂದಲು ಹಾರಿಸಿ, ನಗ್ತಾ ನಗ್ತಾ ಬೀಳಿಸಿದ್ರಿ. ಅವನಿಗ್ಯಾರೂ ಕಾರಣ ಕೇಳಲಿಲ್ಲ. ಅವನಿಗಾದ್ರೆ ಸಾವು, ನನಗಾದ್ರೆ ಮೂಗೊರೆಸೋ ಕರ್ಚೀಫು?"

ಚಾನೆಲ್ಲಿನವನು ಆಗ ತಲೆ ಎತ್ತಿದ. "ಅಮ್ಮ ತಮಾಷೆ ಚೆನ್ನಾಗಿ ಮಾಡ್ತಾರೆ" ಎಂದ.

ಅವಳು ಬಾಯಿ ತೆರೆದಳು. ಹೇಳಬೇಕಾದದ್ದು ಎದೆಯಲ್ಲಿ ಕುದಿಯುತ್ತಿತ್ತು. ಇಷ್ಟು ವರ್ಷ ಇವರು ತನಗೆ ಕೊಟ್ಟ ಕೆಟ್ಟತನವಾದರೂ ಎಂಥದು? ಅಡುಗೆಗೆ ಉಪ್ಪು ಸುರಿ. ಮೆಟ್ಟಿಲಿಗೆ ಎಣ್ಣೆ ಚೆಲ್ಲು. ಬಾಗಿಲ ಸಂದಿಗೆ ಕಿವಿ ಇಡು. ಊರು ಸುಡುವುದು, ಸಾಮ್ರಾಜ್ಯ ಕಟ್ಟುವುದು, ಜನರನ್ನು ದಾಳದಂತೆ ಉರುಳಿಸುವುದೆಲ್ಲ ಗಂಡಸರ ಪಾಲು. ಹೆಣ್ಣಿನ ತಲೆಯ ಮೇಲೆ ಒಳ್ಳೆಯತನವನ್ನು ಮೂಟೆಗಟ್ಟಲೆ ಹೇರಿದವರು ಕೆಟ್ಟತನವನ್ನು ಮಾತ್ರ ಚಿಟಿಕೆಯಲ್ಲಿ ಹಾಕುತ್ತಾರೆ. ಹಾಕಿದ್ದನ್ನೂ ಕೊನೆಗೆ ವಾಪಸು ಕಿತ್ತುಕೊಳ್ಳುತ್ತಾರೆ. ಇಷ್ಟನ್ನೂ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಒದ್ದೆ ಬಟ್ಟೆ ತಲೆಯ ಮೇಲೆ ಬಿತ್ತು. "ಏನೋ ಹೇಳೋಕೆ ಬಂದೆ" ಎಂದು ಹಣೆ ಒತ್ತಿಕೊಂಡಳು.

ಸಂಜೆ ಮನೆಯಲ್ಲಿ ಅಕ್ಕ ಟಿವಿಯ ಮುಂದೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಸಿಪ್ಪೆ ಎಲ್ಲೂ ಕಡಿಯದೆ ಒಂದೇ ಸುರುಳಿಯಾಗಿ ತಟ್ಟೆಗೆ ಇಳಿಯುತ್ತಿತ್ತು. ಪರದೆಯ ಮೇಲೆ ದೊಡ್ಡಮ್ಮ ಅರಚುತ್ತಿದ್ದಳು.

"ಯಾಕೆ ಹೀಗೆ ಕಿರುಚಿಸ್ತಾರೆ ನಿನ್ನನ್ನ? ಪಾಪ" ಎಂದಳು ಅಕ್ಕ. "ಕೈಲಿ ಏನೂ ಇಲ್ಲದೋಳು ಹೀಗೆ ಕಿರುಚ್ತಾಳೆ." ತೊಳೆ ಬಿಡಿಸಿ ತಂಗಿಯ ಬಾಯಿಗಿಟ್ಟಳು.

ಅದರ ಮರುದಿನ ಅಕ್ಕ ಹಲ್ಲು ಕೀಳಿಸಿಕೊಂಡಳು. ದವಡೆ ಊದಿ, ಜ್ವರ ಬಂದು, ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಊಟದ ಕ್ಯಾರಿಯರ್ ಬರಲಿಲ್ಲ, ಮಾತ್ರೆಯೂ ಬರಲಿಲ್ಲ. ಮೊದಲ ಮಧ್ಯಾಹ್ನ ತಲೆ ಕೊಂಚ ಹಗುರಾಯಿತು. ಮಾರನೆಯ ದಿನ ದೊಡ್ಡಮ್ಮ ಉದ್ದದ ಸೀನೊಂದನ್ನು ಗಿಣಿ ಬಾಯಿ ತೆರೆಯುವ ಮೊದಲೇ ಸರಸರನೆ ಮುಗಿಸಿಬಿಟ್ಟಳು.

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಮೇಡಂ" ಎಂದು ಗಿಣಿ ಹಾಳೆಯಿಂದ ಗಾಳಿ ಹಾಕಿಕೊಂಡಳು. "ಏನಾಯ್ತು ನಿಮಗಿವತ್ತು?"

ದೊಡ್ಡಮ್ಮ ಮೇಕಪ್ ಕೋಣೆಗೆ ಹೋಗಿ ಕನ್ನಡಿಯ ಮುಂದೆ ಕೂತಳು. ಬೀದಿಯ ಅಷ್ಟೂ ಮಕ್ಕಳ ಹುಟ್ಟುಹಬ್ಬ ನೆನಪಿಟ್ಟುಕೊಂಡಿದ್ದ ಅಮ್ಮ, ಹಿಂದಿನ ಕೋಣೆಯಲ್ಲಿ ಚಮಚ ಹಿಡಿದುಕೊಂಡು "ಇದಕ್ಕೆ ಏನಂತಾರೆ?" ಎಂದು ಕೇಳುತ್ತಿದ್ದದ್ದು ನೆನಪಾಯಿತು. ಪಕ್ಕದಲ್ಲಿ ಲೋಟ ಹಿಡಿದು ನಿಂತಿದ್ದ ಅಕ್ಕ. ಆ ಅನ್ನು. ಜಾಣೆ. ಬಾಗಿಲಲ್ಲಿ ನಿಂತ ನೆರೆಯವರು: ಇಂಥ ಮಗಳು ಎಲ್ಲರಿಗೂ ಸಿಗಬೇಕು.

ಹಿಂದೆಯೇ ಬಂದ ಗಿಣಿಗೆ ಅವಳು ತಗ್ಗಿದ ದನಿಯಲ್ಲಿ ಹೇಳಿದಳು. "ನನ್ನ ಮರೆವು ಕಾಯಿಲೆ ಅಲ್ಲ ಕಣೇ. ಅಕ್ಕ ಏನೋ ಕೊಡ್ತಿದ್ದಾಳೆ. ಅಮ್ಮನಿಗೂ ಕೊಟ್ಟಿದ್ಲು."

ಗಿಣಿ ಮೊದಲು ನಕ್ಕಳು. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದಳು. "ಅಕ್ಕಾನಾ? ಆ ದೇವರಂಥೋರಾ? ಸೀರಿಯಲ್ಲು ತಲೆಗೇರಿದೆ ನಿಮಗೆ."

"ನಿಜ ಹೇಳ್ತಿದ್ದೀನಿ."

"ಯಾರಾದ್ರೂ ಗಂಡಸು ಮಾಡಿಸ್ತಿದಾನಾ ಮತ್ತೆ?"

"ಯಾವ ಗಂಡಸೂ ಇಲ್ಲ."

"ಹಾಗಾದ್ರೆ ಯಾಕೆ ಮಾಡ್ತಾರೆ?" ಗಿಣಿ ಅವಳ ಭುಜ ತಟ್ಟಿದಳು. "ಮನಸ್ಸಿಗೆ ಹಚ್ಚಿಕೋಬೇಡಿ. ಹೆಂಗಸು ಯಾಕೆ ಸುಮ್ಸುಮ್ನೆ ಹಾಗೆಲ್ಲ ಮಾಡ್ತಾಳೆ?"

ದೊಡ್ಡಮ್ಮ ಮತ್ತೆ ಕನ್ನಡಿಯ ಕಡೆ ತಿರುಗಿದಳು. ಪೊಲೀಸರ ಹತ್ತಿರ ಹೋದರೂ ಇದನ್ನೇ ಕೇಳುತ್ತಾರೆ. ಡಾಕ್ಟರೂ ಇದನ್ನೇ ಕೇಳುತ್ತಾರೆ. ನಾಡಿನ ಅಷ್ಟೂ ಕಥೆಗಳು ಸೇರಿ ಅಕ್ಕನ ಮನೆಗೆ ಬೇಲಿ ಕಟ್ಟಿ ಕಾಯುತ್ತಿದ್ದವು.

ಅಕ್ಕ ಬಾತಿದ ದವಡೆಯೊಡನೆ ವಾಪಸು ಬಂದಳು. ಮಾತ್ರೆಯೂ ಬಂತು. ಅಂದಿನಿಂದ ದೊಡ್ಡಮ್ಮ ಅದನ್ನು ನಾಲಿಗೆಯ ಅಡಿಗೆ ತಳ್ಳಿ, ನೀರು ಮಾತ್ರ ನುಂಗಿ, ಒಬ್ಬಳೇ ಆದಾಗ ಉಗಿದು ಮೇಕಪ್ಪಿನ ಪೌಡರ್ ಡಬ್ಬಿಯೊಳಗೆ ಹೂತಿಡತೊಡಗಿದಳು. ಮನೆಯಲ್ಲಿ ಬಾಚಣಿಗೆ ಹಿಡಿದು ಇದೇನೆಂದು ಕೇಳಿದಳು. ಅಕ್ಕನನ್ನು ಅಮ್ಮ ಎಂದು ಕರೆದಳು. ಅಕ್ಕ ಅವಳ ತಲೆ ನೇವರಿಸಿದಳು. ದೊಡ್ಡಮ್ಮನ ಬಾಳಿನ ಅತ್ಯುತ್ತಮ ನಟನೆಗೆ ಕ್ಯಾಮೆರಾ ಇರಲಿಲ್ಲ.

ಕೊನೆಯ ದಿನ ಬಂತು. ಸೆಟ್ಟಿನ ನಡುಮನೆಯಲ್ಲಿ ಸೊಸೆ ನಿಂತಿದ್ದಳು. ಮೈದುನನ ಪಾತ್ರದವನು ಕೈಗೆ ಬೇಡಿ ಹಾಕಿಸಿಕೊಂಡು ಆಗಲೇ ಹೋಗಿಯಾಗಿತ್ತು. ಕ್ಯಾಮೆರಾದ ಹಿಂದೆ, ಕ್ಯಾರಿಯರ್ ಮಡಿಲಲ್ಲಿಟ್ಟುಕೊಂಡು ಅಕ್ಕ ಕೂತಿದ್ದಳು.

"ನನ್ನನ್ನು ಕ್ಷಮಿಸು ಮಗಳೇ" ಎಂದು ಗಿಣಿ ಓದಿದಳು.

ದೊಡ್ಡಮ್ಮ ಮಂಡಿಯೂರಲಿಲ್ಲ. ಹುಬ್ಬನ್ನೂ ಏರಿಸಲಿಲ್ಲ. ಸದ್ದಿಲ್ಲದೆ ನಡೆದು ಬಂದು, ಸೊಸೆಯ ಹಣೆಯ ಮೇಲೆ ಬಿದ್ದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು. "ಎಷ್ಟು ಇಳಿದುಹೋಗಿದ್ದೀಯೇ" ಎಂದಳು, ಜೇನು ಸವರಿದಂಥ ಮೆಲುದನಿಯಲ್ಲಿ. "ಊಟ ಮಾಡಿದ್ಯಾ? ಇನ್ಮೇಲೆ ನೀನು ಏನೂ ಯೋಚ್ನೆ ಮಾಡ್ಬೇಡ. ಯಾರ ಹೆಸರೂ ನೆನಪಿಟ್ಕೋಬೇಕಾಗಿಲ್ಲ. ಎಲ್ಲ ನಾನು ನೋಡ್ಕೋತೀನಿ. ಆ ಅನ್ನು."

ಹುಡುಗಿ ನಟನೆ ಮರೆತು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಅವಳ ತೋಳಿನ ರೋಮ ನಿಂತಿತ್ತು.

"ಕಟ್!" ನಿರ್ದೇಶಕ ತಲೆ ಕೆರೆದುಕೊಂಡ. "ಏನಮ್ಮ ಇದು? ಒಳ್ಳೇ ಹೆಂಗಸಿನ ಥರ ಇದೆ. ಇದರಲ್ಲಿ ವಿಲನ್ ಎಲ್ಲಿದ್ದಾಳೆ?"

ದೊಡ್ಡಮ್ಮ ಅವನ ಹೆಗಲಿನಾಚೆ ನೋಡಿದಳು. ಅಕ್ಕನ ಕುರ್ಚಿ ಖಾಲಿಯಾಗಿತ್ತು. ಕ್ಯಾರಿಯರ್ ನೆಲದ ಮೇಲಿತ್ತು.

ಮರು ಟೇಕಿನಲ್ಲಿ ಅವಳು ಮಂಡಿಯೂರಿದಳು. ಗಿಣಿ ಓದಿದ್ದನ್ನು ಓದಿದ ಹಾಗೇ ಒಪ್ಪಿಸಿದಳು, ಎದೆ ಬಡಿದುಕೊಂಡಳು, ಮೂಗು ಸುರಿಯುವಂತೆ ಅತ್ತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಾನೆಲ್ಲಿನವನು ಕಣ್ಣೊರೆಸಿಕೊಂಡ.

ಮೇಕಪ್ ಕೋಣೆಯಲ್ಲಿ ಅಕ್ಕ ಕನ್ನಡಿಯ ಮುಂದೆ ಕೂತಿದ್ದಳು. ಮಡಿಲಲ್ಲಿ ಪೌಡರ್ ಡಬ್ಬಿ ತೆರೆದಿತ್ತು. ಪುಡಿ ಮೆತ್ತಿದ ಮಾತ್ರೆಗಳನ್ನು ಅವಳು ಒಂದೊಂದಾಗಿ ಒರೆಸಿ ಮೇಜಿನ ಮೇಲಿಡುತ್ತಿದ್ದಳು.

"ಇಷ್ಟೊಂದು ಹಾಳು ಮಾಡಿದ್ದೀಯಲ್ಲ ಪುಟ್ಟಿ" ಎಂದಳು. ದನಿಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. "ಬಾ. ಇನ್ಮೇಲೆ ನಾಲಿಗೆ ಎತ್ತಿ ತೋರಿಸ್ಬೇಕು, ಆಯ್ತಾ?"

"ಯಾಕಕ್ಕ?" ಕೇಳಬಾರದೆಂದು ಎಷ್ಟು ಬಿಗಿಹಿಡಿದಿದ್ದರೂ ಬಾಯಿಂದ ಬಂದುಬಿಟ್ಟಿತು. "ಯಾಕೆ ಮಾಡಿದೆ? ಅಮ್ಮನಿಗೆ, ನನಗೆ?"

ಅಕ್ಕ ನಿಜವಾದ ಬೆರಗಿನಿಂದ ತಲೆ ಎತ್ತಿದಳು. "ನೀನೂ ನಿಮ್ಮ ಸೀರಿಯಲ್ಲಿನವರ ಥರಾನೇ ಕೇಳ್ತೀಯಲ್ಲೇ" ಎಂದು ನಕ್ಕಳು. ಅಂಗೈ ಚಾಚಿದಳು. ಅದರ ನಡುವೆ ಒಂದು ಬಿಳಿ ಮಾತ್ರೆ.

ದೊಡ್ಡಮ್ಮ ಆ ಅಂಗೈಯನ್ನು ತನ್ನ ಎರಡೂ ಕೈಗಳಿಂದ ಹಿಡಿದುಕೊಂಡಳು. ಮಾತ್ರೆಯನ್ನು ತಾನು ಎತ್ತಿಕೊಂಡಳು. ಬಾಗಿ, ಅಕ್ಕನ ಇನ್ನೂ ಬಾವು ಇಳಿಯದ ದವಡೆಯನ್ನು ಮೃದುವಾಗಿ ನೇವರಿಸಿದಳು. ಅವಳ ಬೆರಳು ದವಡೆಯ ಮೇಲೇ ನಿಂತು ಒತ್ತಿತು; ಅಕ್ಕ ನೋವಿಗೆ ಬಾಯಿ ಬಿಟ್ಟಳು, ಮಾತ್ರೆ ನಾಲಿಗೆಯ ಮೇಲೆ ಕೂತಿತು.

"ನಿಂಗೂ ವಯಸ್ಸಾಯ್ತಲ್ಲ ಅಕ್ಕ. ವಂಶದಲ್ಲೇ ಇದೆ ಅಂತೀಯ" ಎಂದಳು ದೊಡ್ಡಮ್ಮ, ಸದ್ದೇ ಇಲ್ಲದಷ್ಟು ಮೆಲ್ಲಗೆ. "ನಾಳೆಯಿಂದ ನಂಗೆ ಶೂಟಿಂಗಿಲ್ಲ. ಮನೇಲೇ ಇರ್ತೀನಿ. ಹಿಂದಿನ ಕೋಣೆ ಹೇಗೂ ತೊಳೆಸಿಟ್ಟಿದ್ದೀಯಲ್ಲ."

ಬಾಗಿಲು ತೆರೆಯಿತು. "ಗ್ರೂಪ್ ಫೋಟೋಗೆ ಬನ್ನಿ ಮೇಡಂ, ಎಲ್ಲ ಕಾಯ್ತಿದ್ದಾರೆ" ಎನ್ನುತ್ತ ಬಂದ ಗಿಣಿ ಹೊಸ್ತಿಲಲ್ಲೇ ನಿಂತಳು. ತಂಗಿ ಒಂದು ಕೈಯನ್ನು ಅಕ್ಕನ ತಲೆಯ ಹಿಂದೆ ಕೊಟ್ಟು, ಇನ್ನೊಂದರಿಂದ ನೀರಿನ ಲೋಟವನ್ನು ತುಟಿಗೆ ಹಿಡಿದಿದ್ದಳು. ಲೋಟ ಒಂದಿಷ್ಟೂ ಅಲುಗುತ್ತಿರಲಿಲ್ಲ.

"ಅಯ್ಯೋ, ಇಂಥ ತಂಗಿ ಎಲ್ಲರಿಗೂ ಸಿಗಬೇಕು" ಎಂದಳು ಗಿಣಿ, ಕಣ್ಣು ತುಂಬಿಕೊಂಡು. "ನಿಧಾನಕ್ಕೆ ಬನ್ನಿ, ನಾನು ಹೇಳ್ತೀನಿ ಅವರಿಗೆ."

ಕನ್ನಡಿಯ ಸುತ್ತ ಬಲ್ಬುಗಳು ಉರಿಯುತ್ತಿದ್ದವು. ಅದರೊಳಗಿಂದ ಅಕ್ಕನ ಎರಡು ಕಣ್ಣು, ಬಾಗಿಲು ಮೆತ್ತಗೆ ಮುಚ್ಚಿಕೊಳ್ಳುವವರೆಗೂ, ಗಿಣಿಯ ಬೆನ್ನನ್ನೇ ಹಿಡಿದುಕೊಂಡಿದ್ದವು.